ಎದೆ ಒತ್ತಬಾರದ ಗೊಂಬೆ

1911ರಲ್ಲಿ ಅಮೆರಿಕದ ಹಾರ್ಟ್‌ಫರ್ಡ್ ಆಸ್ಪತ್ರೆಯ ನರ್ಸಿಂಗ್ ಶಾಲೆಗೆ ಆಳೆತ್ತರದ ಗೊಂಬೆಯೊಂದು ಬಂತು. ಮಾಡಿಕೊಟ್ಟವರು ಮಾರ್ಥಾ ಚೇಸ್. ಗೊಂಬೆಗೂ 'ಮಿಸೆಸ್ ಚೇಸ್' ಎಂದೇ ಹೆಸರಾಯಿತು. ರೋಗಿಯನ್ನು ಮಗ್ಗುಲು ಹೊರಳಿಸುವುದು, ಎತ್ತುವುದನ್ನೆಲ್ಲ ವಿದ್ಯಾರ್ಥಿನಿಯರು ಅದರ ಮೇಲೆ ಕಲಿತರು. 1960ರಲ್ಲಿ ನಾರ್ವೆಯಿಂದ 'ರೆಸಸಿ ಆ್ಯನ್' ಬಂದ ಮೇಲೆ ಗೊಂಬೆಯ ಕೆಲಸವೇ ಬದಲಾಯಿತು: ಬಾಯಿಗೆ ಬಾಯಿಟ್ಟು ಉಸಿರು ತುಂಬುವುದು, ಎದೆ ಒತ್ತುವುದು, ಹೇಗಾದರೂ ಜೀವ ಉಳಿಸುವುದು. ನಿಜವಾದ ರೋಗಿಯ ಬದಲು ಗೊಂಬೆಯ ಮೇಲೆ ಅಭ್ಯಾಸ ಮಾಡಿಸುವ ಸಿಮ್ಯುಲೇಶನ್ ಲ್ಯಾಬ್‌ಗಳಿಗೆ ಈ ಆತುರ ಅಂಟಿಕೊಂಡೇ ಬಂದಿದೆ. ಉಪಶಾಮಕ ಆರೈಕೆ, ಅಂದರೆ ವಾಸಿಯಾಗದ ರೋಗಿಯ ನೋವು ತಗ್ಗಿಸುವ ಆರೈಕೆ, ಕಲಿಸುವಾಗ ತೊಡಕಾಗುವುದೂ ಅದೇ.

ಮೊದಲು ನರ್ಸ್, ಆಮೇಲೆ ವೈದ್ಯೆಯಾದ ಸಿಸಿಲಿ ಸಾಂಡರ್ಸ್ 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪೀಸ್ ಎಂಬ, ಕೊನೆಗಾಲದ ರೋಗಿಗಳ ಆರೈಕೆ ಕೇಂದ್ರ ತೆರೆದರು. ಅಲ್ಲಿ ಬೇಕಿದ್ದದ್ದು ನೋವು ತಗ್ಗಿಸುವ ಕೈ, ಕೇಳಿಸಿಕೊಳ್ಳುವ ಕಿವಿ. ಗೊಂಬೆ ಇದನ್ನು ಕಲಿಸದು. ರೋಗಿಯಂತೆ ನಟಿಸಲು ಜನರನ್ನೇ ತಯಾರು ಮಾಡುವ ಪದ್ಧತಿಯನ್ನು ಹೊವಾರ್ಡ್ ಬ್ಯಾರೋಸ್ 1963ರಷ್ಟು ಹಿಂದೆಯೇ ಲಾಸ್ ಏಂಜಲೀಸ್‌ನಲ್ಲಿ ಶುರು ಮಾಡಿದ್ದರು. ಇಲ್ಲಿ ನಿಜಕ್ಕೂ ಕೆಲಸಕ್ಕೆ ಬಂದದ್ದು ಅದು. ಬೆಂಗಳೂರಿನ ಕರುಣಾಶ್ರಯದಂಥ ಹಾಸ್ಪೀಸ್ ಎಲ್ಲ ಊರಲ್ಲೂ ಇಲ್ಲ. ಸಾಯುತ್ತಿರುವವರ ಪಕ್ಕ ಒಮ್ಮೆಯೂ ನಿಲ್ಲದೆ ಓದು ಮುಗಿಸುವವರಿಗೆ ಲ್ಯಾಬೇ ಮೊದಲ ಹಾಸಿಗೆ.

ಸನ್ನಿವೇಶ ಹೀಗಿರಲಿ: ಬಾಯಿ ಕ್ಯಾನ್ಸರ್ ಕೊನೆಯ ಹಂತದಲ್ಲಿದೆ, ನಾಲ್ಕು ಗಂಟೆಗೊಮ್ಮೆ 10 ಮಿ.ಗ್ರಾಂ ಮಾರ್ಫಿನ್ ಎಂಬ ನೋವಿನ ಮಾತ್ರೆ, ಅಂದರೆ ದಿನಕ್ಕೆ 60. ಈಗ ನುಂಗಲಾಗುತ್ತಿಲ್ಲ. ಚರ್ಮದಡಿಗೆ ನಿಧಾನವಾಗಿ ಔಷಧಿ ಬಿಡುವ ಸಿರಿಂಜ್ ಪಂಪಿಗೆ ಬದಲಿಸುವಾಗ ಸಾಮಾನ್ಯವಾಗಿ ಅರ್ಧ, 24 ಗಂಟೆಗೆ 30 ಮಿ.ಗ್ರಾಂ ಸಾಕು. ವೈದ್ಯರ ಆರ್ಡರಿನಲ್ಲಿ ಬೇಕೆಂದೇ 60 ಬರೆದಿಡಬೇಕು. ಅದನ್ನು ಪ್ರಶ್ನಿಸದೆ ತುಂಬಿದರೆ ರೋಗಿಗೆ ಎರಡರಷ್ಟು ಹೋಗುತ್ತದೆ. ತಪ್ಪು ಲ್ಯಾಬಿನಲ್ಲೇ ಸಿಕ್ಕಿಬೀಳಲಿ.

ಆಮೇಲೆ, ಕೊನೆಗಾಲದಲ್ಲಿ ಆಗುವಂತೆ, ಗೊಂಬೆಯ ಉಸಿರನ್ನು 20 ಸೆಕೆಂಡು ನಿಲ್ಲಿಸಿ, ಮತ್ತೆ ಬಿಡಬೇಕು. ಮೊದಲ ಸಲ ಬಹಳಷ್ಟು ಕೈಗಳು ನೇರ ಎದೆಗೇ ಹೋಗುತ್ತವೆ. ಅದು ದಡ್ಡತನವಲ್ಲ, ಹಿಂದಿನ ತರಬೇತಿ. ಆದ್ದರಿಂದ ಪುನಶ್ಚೇತನ (ಎದೆ ಒತ್ತಿ, ಉಸಿರು ತುಂಬಿ ಉಳಿಸುವ ಯತ್ನ) ಬೇಡವೆಂಬ ತೀರ್ಮಾನ ಕೇಸ್ ಶೀಟಿನಲ್ಲಿರಬೇಕು, ಸನ್ನಿವೇಶಕ್ಕೆ ಮುಂಚೆ ಅದನ್ನು ಓದಿಸಬೇಕು. ಗಂಟಲಲ್ಲಿ ಗೊರಗೊರ ಸದ್ದು ಬಂದಾಗ ಮಗಳ ಪಾತ್ರದವಳು ಕೇಳುತ್ತಾಳೆ: "ಸಿಸ್ಟರ್, ಅಪ್ಪಂಗೆ ಉಸಿರು ಕಟ್ತಾ ಇದೆಯಾ?" ಕಫ ಹೀರುವ ಸಕ್ಷನ್ ಟ್ಯೂಬಿಗೆ ಕೈ ಹಾಕುವ ಮೊದಲು ತಂದೆಯನ್ನು ಮಗ್ಗುಲಾಗಿಸಿ, ಆ ಸದ್ದು ನಮಗೆ ಕೇಳಿಸುವಷ್ಟು ಅವರನ್ನು ಕಾಡುತ್ತಿಲ್ಲವೆಂದು ಹೇಳಿ, ಪಕ್ಕ ಕೂರುವುದೇ ಇಲ್ಲಿನ ಪಾಠ.

ಹದಿನೈದು ನಿಮಿಷದ ಸನ್ನಿವೇಶಕ್ಕೆ ಅರ್ಧ ಗಂಟೆಯಾದರೂ ಚರ್ಚೆ ಬೇಕು. ಸಮಯವಿಲ್ಲವೆಂದು ಕತ್ತರಿಸುವುದು ಇದನ್ನೇ, ಅದು ದೊಡ್ಡ ತಪ್ಪು. ಮೊದಲ ಪ್ರಶ್ನೆ ಡೋಸಿನದಲ್ಲ, "ಹೇಗನ್ನಿಸಿತು?" ಎಂಬುದು. ಮನೆಯಲ್ಲಿ ಈಚೆಗೆ ಸಾವಾಗಿರುವ ವಿದ್ಯಾರ್ಥಿಗೆ ವಿಷಯ ಮೊದಲೇ ತಿಳಿಸಿ, ಬೇಡವೆಂದರೆ ಬಿಟ್ಟುಬಿಡಬೇಕು.