ಪದ ಪರಿಚಯ: ಸೆಷನ್ ವಾದಕ

ಕ್ಯಾಸೆಟ್ ಕೊಳ್ಳುತ್ತಿದ್ದ ಕಾಲದಲ್ಲಿ ಒಳಗೆ ಮಡಿಚಿಟ್ಟ ಕಾಗದವನ್ನು ಪೂರ್ತಿ ಓದುವ ಅಭ್ಯಾಸ ನನಗಿತ್ತು. ಹಾಡುಗಾರರು ಬೇರೆ ಬೇರೆ. ಆದರೆ 'ಟೆನರ್ ಸ್ಯಾಕ್ಸೊಫೋನ್' (ತಗ್ಗು ದನಿಯ ಸ್ಯಾಕ್ಸೊಫೋನ್) ಅಂತ ಬರೆದ ಕಡೆ ಮತ್ತೆ ಮತ್ತೆ ಒಂದೇ ಹೆಸರು: ಮೈಕೆಲ್ ಬ್ರೆಕರ್. ಪಾಲ್ ಸೈಮನ್ ಹಾಡಿನಲ್ಲೂ ಅವರೇ, ಜೇಮ್ಸ್ ಟೇಲರ್ ಹಾಡಿನಲ್ಲೂ ಅವರೇ, ಡೈರ್ ಸ್ಟ್ರೇಟ್ಸ್ ಬ್ಯಾಂಡಿನ ಹಾಡಿನಲ್ಲೂ ಅವರೇ. ಇವರು ಯಾವ ಬ್ಯಾಂಡಿನವರು ಅಂತ ಹುಡುಕುತ್ತಾ ಹೋದಾಗ ಸಿಕ್ಕ ಪದ 'ಸೆಷನ್ ವಾದಕ'.

ಸೆಷನ್ ಅಂದರೆ ರೆಕಾರ್ಡಿಂಗ್‌ಗೆಂದು ಗೊತ್ತು ಮಾಡಿದ ಸಮಯ. ಅಮೆರಿಕದ ವಾದಕರ ಸಂಘದ ಲೆಕ್ಕದಲ್ಲಿ ಮಾಮೂಲಿ ಸೆಷನ್ 3 ಗಂಟೆಯದು. ಅದಕ್ಕೊಂದು ಕನಿಷ್ಠ ದರ ಇದೆ. ಹೊತ್ತು ಮೀರಿದರೆ ಓವರ್‌ಟೈಮ್. ಸ್ಯಾಕ್ಸೊಫೋನ್ ಜೊತೆ ಫ್ಲೂಟ್ ಅಥವಾ ಕ್ಲಾರಿನೆಟ್ ಕೂಡ ನುಡಿಸಿದರೆ 'ಡಬ್ಲಿಂಗ್' ಅಂತ ಜಾಸ್ತಿ ದುಡ್ಡು. ಹೀಗೆ ಕರೆದವರ ರೆಕಾರ್ಡಿಂಗ್‌ಗೆ ಹೋಗಿ ನುಡಿಸುವವರೇ ಸೆಷನ್ ವಾದಕರು. ಅವರು ಯಾವ ಬ್ಯಾಂಡಿಗೂ ಸೇರಿರಬೇಕಿಲ್ಲ. ಬೆಳಿಗ್ಗೆ ಒಂದು ಜಾಹೀರಾತಿನ ಸಂಗೀತ, ಸಂಜೆ ಒಂದು ರಾಕ್ ಹಾಡು, ಹೀಗೂ ದಿನ ಹೋಗುತ್ತದೆ.

ಜಾಝ್ ಲೋಕದಲ್ಲಿ 'ಜ್ಯಾಮ್ ಸೆಷನ್' ಅನ್ನುವ ಮಾತೂ ಇದೆ. ಅದು ಬೇರೆ. ವಾದಕರು ಸೇರಿ, ಮೊದಲೇ ಏನೂ ಬರೆದಿಟ್ಟುಕೊಳ್ಳದೆ, ಮನಸ್ಸಿಗೆ ಬಂದಷ್ಟು ಹೊತ್ತು ನುಡಿಸುವುದು ಜ್ಯಾಮ್. ಅಲ್ಲಿ ಗಡಿಯಾರದ ಹಂಗಿಲ್ಲ. ರೆಕಾರ್ಡಿಂಗ್ ಸೆಷನ್‌ನಲ್ಲಿ ಪ್ರತಿ ನಿಮಿಷಕ್ಕೂ ಯಾರೋ ದುಡ್ಡು ಕೊಡುತ್ತಿರುತ್ತಾರೆ.

ಹಾಗಾದರೆ ಇದನ್ನು ಕನ್ನಡದಲ್ಲಿ 'ಪಕ್ಕವಾದ್ಯ' ಅನ್ನಬಹುದಾ? ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಪಕ್ಕವಾದ್ಯದವರು ವೇದಿಕೆಯ ಮೇಲೆ ನಮ್ಮ ಕಣ್ಣೆದುರೇ ಕೂತಿರುತ್ತಾರೆ. ಕಚೇರಿಯ ಆಹ್ವಾನ ಪತ್ರಿಕೆಯಲ್ಲಿ ಅವರ ಹೆಸರಿರುತ್ತದೆ. ಮೃದಂಗದವರಿಗೆ ತನಿ ಆವರ್ತನ ಸಿಗುತ್ತದೆ, ಚಪ್ಪಾಳೆಯೂ ಸಿಗುತ್ತದೆ. ಜಾಝ್‌ನಲ್ಲಿ ಮುಖ್ಯ ವಾದಕರ ತಂಡದಲ್ಲಿ ಜೊತೆಗೆ ನುಡಿಸುವ 'ಸೈಡ್‌ಮನ್' ಅನ್ನುವವರು ಪಕ್ಕವಾದ್ಯದವರಿಗೆ ಹತ್ತಿರ. ಸೆಷನ್ ವಾದಕರಿಗೆ ಕೇಳುಗರು ಎದುರಿಗೆ ಸಿಗುವುದೇ ಇಲ್ಲ. ಎಷ್ಟೋ ಸಲ ಹಾಡುಗಾರರೂ ಸಿಗುವುದಿಲ್ಲ. ಉಳಿದೆಲ್ಲ ರೆಕಾರ್ಡ್ ಆಗಿ ಮುಗಿದ ಮೇಲೆ, ಹೆಡ್‌ಫೋನ್ ಹಾಕಿಕೊಂಡು, ಒಬ್ಬರೇ ಅದರ ಮೇಲೆ ನುಡಿಸಿ ಬರುತ್ತಾರೆ. ಇದಕ್ಕೆ 'ಓವರ್‌ಡಬ್' ಅನ್ನುತ್ತಾರೆ. ಹಿಂದಿ ಸಿನಿಮಾ ಹಾಡು ಕೇಳಿ ಬೆಳೆದವರಿಗೆ ಮನೋಹಾರಿ ಸಿಂಗ್ ಅವರ ಸ್ಯಾಕ್ಸೊಫೋನ್ ನಾದ ಖಂಡಿತ ಗೊತ್ತು. ಹೆಸರು ಗೊತ್ತಿರುವವರು ಎಷ್ಟು ಜನ?

ಬ್ರೆಕರ್ ಹುಟ್ಟಿದ್ದು 1949ರ ಮಾರ್ಚ್ 29ರಂದು, ಫಿಲಡೆಲ್ಫಿಯಾದಲ್ಲಿ. ನಮ್ಮ ಕದ್ರಿ ಗೋಪಾಲನಾಥರು ಹುಟ್ಟಿದ್ದೂ ಅದೇ ವರ್ಷ. ಬ್ರೆಕರ್ ತಂದೆ ವಕೀಲರು, ಮನೆಯಲ್ಲಿ ಜಾಝ್ ಪಿಯಾನೊ ನುಡಿಸುತ್ತಿದ್ದರು. ಅಣ್ಣ ರ‍್ಯಾಂಡಿ ಟ್ರಂಪೆಟ್ ಹಿಡಿದರು. ಮೈಕೆಲ್ ಕ್ಲಾರಿನೆಟ್‌ನಿಂದ ಶುರು ಮಾಡಿ, ಟೆನರ್‌ಗಿಂತ ಏರು ದನಿಯ ಆಲ್ಟೊ ಸ್ಯಾಕ್ಸೊಫೋನ್ ದಾಟಿ, ಟೆನರ್‌ಗೆ ಬಂದರು. ಅದಕ್ಕೆ ದೊಡ್ಡ ಕಾರಣ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ ಅವರ ವಾದನ. ಇಂಡಿಯಾನಾ ವಿಶ್ವವಿದ್ಯಾಲಯದಲ್ಲಿ ಸ್ವಲ್ಪ ಕಾಲ ಓದಿ, ಇಪ್ಪತ್ತರ ಆಸುಪಾಸಿನಲ್ಲೇ ನ್ಯೂಯಾರ್ಕ್ ಸೇರಿದರು.

ಅಲ್ಲಿ ಅವರು ಎರಡು ಕೆಲಸಗಳನ್ನೂ ಒಟ್ಟಿಗೆ ಮಾಡಿದರು. ಒಂದು ಕಡೆ ಡ್ರಮ್ಮರ್ ಬಿಲ್ಲಿ ಕೋಬಮ್ ಇದ್ದ 'ಡ್ರೀಮ್ಸ್' ಬ್ಯಾಂಡ್, ಪಿಯಾನೊ ವಾದಕ ಹೊರೇಸ್ ಸಿಲ್ವರ್ ಅವರ ಜಾಝ್ ತಂಡ, ಆಮೇಲೆ ಅಣ್ಣನ ಜೊತೆ ಕಟ್ಟಿದ 'ಬ್ರೆಕರ್ ಬ್ರದರ್ಸ್'. ಇನ್ನೊಂದು ಕಡೆ ಸ್ಟುಡಿಯೋಗಳಿಂದ ಬರುವ ಫೋನ್ ಕರೆಗಳು.

ಸ್ಟುಡಿಯೋ ಕೆಲಸ ಅಂದರೆ ಕೊಟ್ಟಿದ್ದನ್ನು ಸುಮ್ನೆ ಓದಿ ನುಡಿಸಿ ಬರುವುದು, ಅದರಲ್ಲಿ ಕಲೆ ಎಲ್ಲಿದೆ ಅನ್ನುವವರಿದ್ದಾರೆ. ಈ ಮಾತನ್ನು ನಾನು ಒಪ್ಪುವುದಿಲ್ಲ. ಪಾಲ್ ಸೈಮನ್ ಅವರ 1975ರ 'ಸ್ಟಿಲ್ ಕ್ರೇಜಿ ಆಫ್ಟರ್ ಆಲ್ ದೀಸ್ ಇಯರ್ಸ್' ಕೇಳಿ. ಹಳೆಯ ಗೆಳತಿ ದಾರಿಯಲ್ಲಿ ಸಿಕ್ಕ ನೆನಪಿನ ಹಾಡು. ಮೆಲ್ಲಗೆ ಸಾಗುತ್ತದೆ. ಕೊನೆಯ ಚರಣಕ್ಕೆ ಮುಂಚೆ ಬ್ರೆಕರ್ ಸೋಲೊ, ಅಂದರೆ ಅವರ ವಾದ್ಯವೇ ಮುಂದೆ ನಿಲ್ಲುವ ಭಾಗ, ಬರುತ್ತದೆ. ಹಾಡುಗಾರ ಬಾಯಿಬಿಟ್ಟು ಹೇಳದ ಕಳವಳವೆಲ್ಲ ಅಲ್ಲಿ ಹೊರಗೆ ಬರುತ್ತದೆ. ಸೋಲೊ ಮುಗಿದು ಹಾಡುಗಾರ ಮತ್ತೆ ದನಿ ತೆಗೆಯುವಾಗ ಹಾಡಿನ ಶ್ರುತಿಯೇ ಮೇಲೇರಿರುತ್ತದೆ. ಆ ಏರುವ ಮೆಟ್ಟಿಲು ಸ್ಯಾಕ್ಸೊಫೋನಿನದು. ಅದನ್ನು ತೆಗೆದರೆ ಕೊನೆಯ ಚರಣಕ್ಕೆ ಆ ಭಾರ ಇರುವುದೇ ಇಲ್ಲ.

ಜಾಝ್ ವೇದಿಕೆಯಲ್ಲಿ ಇದೇ ಮನುಷ್ಯ ಹತ್ತು ಹದಿನೈದು ನಿಮಿಷ ನಿಲ್ಲಿಸದೆ ನುಡಿಸಬಲ್ಲವರಾಗಿದ್ದರು. ಇಲ್ಲಿ ಸಿಕ್ಕಿದ್ದು ಒಂದು ನಿಮಿಷವೂ ಇಲ್ಲ. ಅಷ್ಟರಲ್ಲಿ ಶುರು, ಏರು, ಇಳಿವು ಎಲ್ಲ ಆಗಬೇಕು. ಬೇರೊಬ್ಬರ ಹಾಡಿನ ಮನಸ್ಥಿತಿ ಕೆಡಬಾರದು. ಗೊತ್ತಿರುವುದನ್ನೆಲ್ಲ ತೋರಿಸುವ ಆಸೆ ಅಡಗಿಸಿಕೊಳ್ಳಬೇಕು. ಹಾಗಂತ ಸ್ವಂತ ದನಿಯೂ ಕಳೆದುಹೋಗಬಾರದು, ಅಲ್ವಾ? ಗಿಟಾರ್, ಡ್ರಮ್ ಎಲ್ಲದರ ನಡುವೆ ಕೊರೆದುಕೊಂಡು ಕೇಳಿಸುವ ಚೂಪಾದ ನಾದ ಬ್ರೆಕರ್ ಅವರದು. ಎರಡು ಸ್ವರ ಕೇಳಿದರೆ ಸಾಕು, ಇವರೇ ಅಂತ ಗೊತ್ತಾಗುತ್ತದೆ. ಡೈರ್ ಸ್ಟ್ರೇಟ್ಸ್ ಬ್ಯಾಂಡಿನ 1985ರ 'ಬ್ರದರ್ಸ್ ಇನ್ ಆರ್ಮ್ಸ್' ಆಲ್ಬಮ್‌ನಲ್ಲಿ 'ಯುವರ್ ಲೇಟೆಸ್ಟ್ ಟ್ರಿಕ್' ಹಾಡನ್ನು ಗುನುಗುವವರು ಮೊದಲು ಗುನುಗುವುದು ಸಾಹಿತ್ಯವನ್ನಲ್ಲ, ಆ ಸ್ಯಾಕ್ಸೊಫೋನ್ ಸಾಲನ್ನು.

ಹೀಗೆ ಅವರು ನುಡಿಸಿದ್ದು ನೂರಾರು ಆಲ್ಬಮ್‌ಗಳಲ್ಲಿ. ಫ್ರಾಂಕ್ ಜಪ್ಪಾ ಅವರಂಥ ತುಂಟ ಲೆಕ್ಕಾಚಾರದ ಸಂಗೀತಗಾರರ ಜೊತೆಗೂ ನುಡಿಸಿದರು. ಹಾಡುಗಾರ್ತಿ ಜೋನಿ ಮಿಚೆಲ್ ಅವರ 1979ರ ಪ್ರವಾಸದಲ್ಲಿ ಗಿಟಾರ್ ವಾದಕ ಪ್ಯಾಟ್ ಮೆಥೆನಿ, ಬೇಸ್ ಗಿಟಾರ್ ವಾದಕ ಜ್ಯಾಕೊ ಪಾಸ್ಟೋರಿಯಸ್ ಪಕ್ಕ ನಿಂತರು. 'ಸ್ಟೆಪ್ಸ್ ಅಹೆಡ್' ಎಂಬ ಜಾಝ್ ತಂಡದಲ್ಲಿದ್ದಾಗ ಈವಿ ಎಂಬ ವಾದ್ಯ ಹಿಡಿದರು. ಊದಿದರೆ ಸಿಂಥಸೈಜರ್ ಸದ್ದು ಹೊರಡಿಸುವ ಎಲೆಕ್ಟ್ರಾನಿಕ್ ವಾದ್ಯ ಅದು.

ಇಷ್ಟೆಲ್ಲ ಆದರೂ ಸ್ವಂತ ಹೆಸರಿನ ಮೊದಲ ಆಲ್ಬಮ್ ಬಂದಿದ್ದು 1987ರಲ್ಲಿ. ಆಗ ಅವರಿಗೆ 38ರ ವಯಸ್ಸು. ಅಷ್ಟು ವರ್ಷ ಬೇರೆಯವರ ಸಂಗೀತಕ್ಕೆ ಕಿವಿಗೊಟ್ಟಿದ್ದು ಆ ಆಲ್ಬಮ್‌ನಲ್ಲಿ ಕೇಳಿಸುತ್ತದೆ. ಜೊತೆಗಿರುವವರಿಗೆ ಎಷ್ಟು ಜಾಗ ಬಿಡಬೇಕು ಅನ್ನುವುದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಮುಂದೆ ಒಟ್ಟು 15 ಗ್ರ್ಯಾಮಿ ಪ್ರಶಸ್ತಿಗಳು ಬಂದವು, ಕೆಲವು ಅವರು ಹೋದ ಮೇಲೆ.

ಕೊನೆಯ ವರ್ಷಗಳು ಕಷ್ಟದವು. ಎಲುಬಿನ ಮಜ್ಜೆ ಸರಿಯಾಗಿ ರಕ್ತ ತಯಾರಿಸದ ಕಾಯಿಲೆ ಬಂತು, ಆಮೇಲೆ ಅದು ರಕ್ತದ ಕ್ಯಾನ್ಸರ್‌ಗೆ ತಿರುಗಿತು. ಹೊಂದುವ ಮಜ್ಜೆಗಾಗಿ ಮನೆಯವರು ಸಾರ್ವಜನಿಕವಾಗಿ ಕೇಳಿಕೊಂಡರು. ಪೂರ್ತಿ ಹೊಂದುವವರು ಸಿಗಲಿಲ್ಲ. ಮಗಳದು ಅರ್ಧ ಹೊಂದುತ್ತಿತ್ತು, ಅದನ್ನೇ ಬಳಸಿ ಚಿಕಿತ್ಸೆ ಮಾಡಿದರು. 2006ರ ಆಗಸ್ಟ್‌ನಲ್ಲಿ ಅವರು ಮತ್ತೆ ಸ್ಟುಡಿಯೋಗೆ ಹೋದರು. ಹರ್ಬಿ ಹ್ಯಾನ್‌ಕಾಕ್, ಬ್ರ್ಯಾಡ್ ಮೆಲ್ಡೌ, ಪ್ಯಾಟ್ ಮೆಥೆನಿ, ಜಾನ್ ಪ್ಯಾಟಿಟುಚಿ, ಜ್ಯಾಕ್ ಡಿಜಾನೆಟ್ ಅವರಂಥ ಹೆಸರಾಂತ ಜಾಝ್ ವಾದಕರು ಬಂದು ಅವರಿಗಾಗಿ ನುಡಿಸಿದರು. 2007ರ ಜನವರಿ 13ರಂದು ಬ್ರೆಕರ್ ತೀರಿಕೊಂಡರು. 'ಪಿಲ್ಗ್ರಿಮೇಜ್' ಅನ್ನುವ ಆ ಆಲ್ಬಮ್ ಕೆಲವು ತಿಂಗಳ ನಂತರ ಬಂತು. ಅದರ ಒಂಬತ್ತು ರಚನೆಗಳೂ ಅವರದ್ದೇ.