ಓದುಗರ ಪ್ರಶ್ನೆ: ‘ಶಿಕ್ಷೆ ಮಾಫಿ ಆಯ್ತು ಅಂದ್ರೆ ಕ್ಷಮಾದಾನ ಸಿಕ್ಕಿದ ಹಾಗೇ ಅಲ್ವಾ?’

ಅಲ್ಲ. ಸ್ವಾತಂತ್ರ್ಯ ದಿನ, ಗಣರಾಜ್ಯ ದಿನ ಬಂತೆಂದರೆ ಕೈದಿಗಳ ಬಿಡುಗಡೆಯ ಸುದ್ದಿ ಬರುತ್ತದೆ. ಅದರ ಬೆನ್ನಿಗೇ ಈ ಪ್ರಶ್ನೆಯೂ ಬರುತ್ತದೆ. ಪ್ರತಿ ಸಲ ನಾಲ್ಕು ಸಾಲಿನಲ್ಲಿ ಉತ್ತರಿಸಿ ಸಾಕಾಗಿದೆ. ಈ ಸಲ ಉದ್ದಕ್ಕೇ ಬರೆಯುತ್ತೇನೆ, ಮುಂದೆ ಕೇಳಿದವರಿಗೆ ಇದನ್ನೇ ತೋರಿಸಬಹುದು.

ಶಿಕ್ಷೆಯನ್ನು ಕ್ಷಮಿಸುವ, ಇಳಿಸುವ ಅಧಿಕಾರವನ್ನು ರಾಷ್ಟ್ರಪತಿಗೆ ಕೊಡುವುದು ಸಂವಿಧಾನದ 72ನೇ ವಿಧಿ, ರಾಜ್ಯಪಾಲರಿಗೆ ಕೊಡುವುದು 161ನೇ ವಿಧಿ. ಎರಡರಲ್ಲೂ ಒಂದೇ ಪದ ಬಳಸಿ ಸುಮ್ಮನಾಗಿಲ್ಲ, ಹಲವು ಪದಗಳನ್ನು ಸಾಲಾಗಿ ಇಟ್ಟಿದ್ದಾರೆ. ಸುಮ್ನೆ ಇಟ್ಟಿದ್ದಲ್ಲ. ಪೂರ್ತಿ ಕ್ಷಮಾದಾನ ಸಿಕ್ಕರೆ ಶಿಕ್ಷೆಯೂ ಹೋಗುತ್ತದೆ, ಅಪರಾಧಿ ಅನ್ನುವ ಕಾರಣಕ್ಕೆ ಬಂದ ಅನರ್ಹತೆಗಳೂ ಹೋಗುತ್ತವೆ. ಶಿಕ್ಷೆ ಮಾಫಿಯಲ್ಲಿ ಅಪರಾಧ ಅಪರಾಧವಾಗಿಯೇ ಉಳಿಯುತ್ತದೆ, ಒಳಗಿರಬೇಕಾದ ಅವಧಿ ಮಾತ್ರ ಇಳಿಯುತ್ತದೆ. ‘ಸನ್ನಡತೆ ಮೇಲೆ ಬಿಡುಗಡೆ’ ಎಂದು ಪೇಪರಿನಲ್ಲಿ ಓದುತ್ತೀರಲ್ಲ, ಅದು ಇದೇ. ಶಿಕ್ಷೆ ಪರಿವರ್ತನೆಯಲ್ಲಿ ಶಿಕ್ಷೆಯ ಜಾತಿಯೇ ಬದಲಾಗುತ್ತದೆ: ಗಲ್ಲು ಹೋಗಿ ಜೀವಾವಧಿ ಬರುತ್ತದೆ. ಇನ್ನು ತಾತ್ಕಾಲಿಕ ತಡೆ ಅಂದರೆ ಕ್ಷಮೆಯೇ ಅಲ್ಲ, ಬರೀ ವಾಯಿದೆ. ಅರ್ಜಿ ಇತ್ಯರ್ಥ ಆಗುವ ತನಕ ಗಲ್ಲಿಗೇರಿಸಬೇಡಿ ಅಂತ ಅಷ್ಟೇ.

ಈ ಭೇದ ಬರೀ ಪುಸ್ತಕದ್ದು ಅಂದುಕೊಳ್ಳಬೇಡಿ. ಅಸ್ಸಾಮಿನ ಒಬ್ಬ ಅಭ್ಯರ್ಥಿಗೆ 3 ವರ್ಷ ಶಿಕ್ಷೆ ಆಗಿತ್ತು. ಸರ್ಕಾರ ಉಳಿದ ಅವಧಿಯನ್ನು ಮಾಫಿ ಮಾಡಿ ಹೊರಗೆ ಬಿಟ್ಟಿತು. ಅವರು ಚುನಾವಣೆಗೆ ನಾಮಪತ್ರ ಹಾಕಿದರು. 1961ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದೇನು? ಮಾಫಿಯಿಂದ ಜೈಲುವಾಸ ಕಡಿಮೆ ಆಯಿತೇ ಹೊರತು ಕೋರ್ಟ್ ಕೊಟ್ಟ ಶಿಕ್ಷೆ 3 ವರ್ಷವಾಗಿಯೇ ಉಳಿಯಿತು, ಹಾಗಾಗಿ ಅನರ್ಹತೆಯೂ ಉಳಿಯಿತು. ಕ್ಷಮಾದಾನ ಸಿಕ್ಕಿದ್ದರೆ ಕಥೆಯೇ ಬೇರೆ ಇರುತ್ತಿತ್ತು.

ಇಲ್ಲಿಗೆ ಪ್ರಶ್ನೆಗೆ ಉತ್ತರ ಮುಗಿಯಿತು. ಆದರೆ ಇದರ ಜೊತೆಗೆ ಯಾವಾಗಲೂ ಒಂದು ಬಾಲ ಅಂಟಿಕೊಂಡಿರುತ್ತದೆ: ‘ಹೇಗೂ ಜೀವಾವಧಿ ಅಂದ್ರೆ 14 ವರ್ಷ ತಾನೇ, ಅದರಲ್ಲಿ ಮಾಫಿ ಏನು ಬಂತು?’

ಜೀವಾವಧಿ ಅಂದರೆ 14 ವರ್ಷ ಅಲ್ಲ. ಯಾವತ್ತೂ ಆಗಿರಲಿಲ್ಲ. ಪದದಲ್ಲೇ ಇದೆಯಲ್ಲ, ಜೀವ ಇರುವಷ್ಟು ಅವಧಿ. ಗಾಂಧಿ ಹತ್ಯೆ ಪ್ರಕರಣದ ಗೋಪಾಲ್ ಗೋಡ್ಸೆ ಇಂಥದೇ ಲೆಕ್ಕ ಹಿಡಿದು ಕೋರ್ಟಿಗೆ ಹೋಗಿದ್ದ. ಜೀವಾವಧಿಯನ್ನು 20 ವರ್ಷ ಅಂತ ಎಣಿಸಬೇಕು, ಜೈಲಿನಲ್ಲಿ ಗಳಿಸಿದ ಮಾಫಿ ದಿನಗಳನ್ನು ಕೂಡಿಸಿದರೆ ನನ್ನ ಶಿಕ್ಷೆ ಮುಗಿದಿದೆ ಎಂದು ಅವನ ವಾದ. ಅದೂ 1961ರ ತೀರ್ಪೇ. ಕೋರ್ಟ್ ಒಪ್ಪಲಿಲ್ಲ. ಜೀವಾವಧಿ ಅಂದರೆ ಸಹಜ ಬದುಕಿನ ಕೊನೆಯವರೆಗೆ, ಸರ್ಕಾರ ಆದೇಶ ಹೊರಡಿಸಿದರೆ ಮಾತ್ರ ಬಿಡುಗಡೆ, ಅದು ಕೈದಿಯ ಹಕ್ಕಲ್ಲ ಎಂದಿತು. ಅವನು ಹೊರಬಂದಿದ್ದು 1964ರಲ್ಲಿ. ಆ 20 ಎಲ್ಲಿಂದ ಬಂತು ಅಂದರೆ, ಶಿಕ್ಷೆಯ ಭಾಗ ಲೆಕ್ಕ ಹಾಕುವುದಕ್ಕೆ. ‘ಜೀವಾವಧಿಯ ಅರ್ಧ’ ಎಂದು ಕಾನೂನು ಹೇಳಿದಾಗ ಯಾವುದಾದರೂ ಸಂಖ್ಯೆ ಬೇಕಲ್ಲ, ಅದಕ್ಕೆ.

ಹಾಗಾದರೆ 14? ಕೆಲವು ರಾಜ್ಯಗಳಲ್ಲಿ ಮಾಫಿ ನಿಯಮಗಳಿಂದಾಗಿ ಜೀವಾವಧಿ ಕೈದಿಗಳು ಬಹಳ ಬೇಗ ಹೊರಬರುತ್ತಿದ್ದರು. ಅದನ್ನು ತಡೆಯಲು 1978ರಲ್ಲಿ ದಂಡ ಪ್ರಕ್ರಿಯಾ ಸಂಹಿತೆಗೆ 433ಎ ಸೆಕ್ಷನ್ ಸೇರಿಸಿದರು. ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 475ನೇ ಸೆಕ್ಷನ್. ಗಲ್ಲು ಕೊಡಬಹುದಾದ ಅಪರಾಧಕ್ಕೆ ಜೀವಾವಧಿ ಆಗಿದ್ದರೆ, ಅಥವಾ ಗಲ್ಲು ಜೀವಾವಧಿಗೆ ಇಳಿದಿದ್ದರೆ, ಕನಿಷ್ಠ 14 ವರ್ಷ ಒಳಗೆ ಕಳೆಯದೆ ಬಿಡುವಂತಿಲ್ಲ. ಕನಿಷ್ಠ! ಅಂದರೆ 14 ಬಾಗಿಲಿನ ಹೊಸ್ತಿಲು, ಗೋಡೆಯ ಕೊನೆಯಲ್ಲ. ಬಿಡಬೇಡಿ ಅಂತ ಬಂದ ಸಂಖ್ಯೆಯನ್ನು ನಾವು ಬಿಡಲೇಬೇಕು ಅಂತ ಓದಿಕೊಂಡಿದ್ದೇವೆ. ಈ 14ರ ಗೆರೆ 72 ಮತ್ತು 161ನೇ ವಿಧಿಗಳ ಅಧಿಕಾರಕ್ಕೆ ಇಲ್ಲ ಅನ್ನುವುದನ್ನೂ 1980ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ.

‘ಜೈಲಲ್ಲಿ ಹಗಲೊಂದು ದಿನ, ರಾತ್ರಿಯೊಂದು ದಿನ, ಆದ್ದರಿಂದ 14 ಅಂದ್ರೆ 7’ ಅನ್ನುವವರಿಗೆ ಏನು ಹೇಳಲಿ? ಅಂಥ ನಿಯಮ ಯಾವ ಕಾನೂನಿನಲ್ಲೂ ಇಲ್ಲ. ಜೈಲಿನ ದಿನಕ್ಕೂ 24 ಗಂಟೆಯೇ.

ಇನ್ನೊಂದು ಗೊಂದಲ: ಕ್ಷಮಾದಾನ ಸಿಕ್ಕಿತು ಅಂದರೆ ಕೋರ್ಟ್ ತೀರ್ಪು ತಪ್ಪಾಗಿತ್ತು ಅಂತಲ್ಲ. ರಾಷ್ಟ್ರಪತಿ ತೀರ್ಪನ್ನು ತಿದ್ದುವುದಿಲ್ಲ, ಅದು ದಾಖಲೆಯಲ್ಲಿ ಹಾಗೇ ಇರುತ್ತದೆ ಎಂದು ಇಂದಿರಾ ಗಾಂಧಿ ಹತ್ಯೆಗೆ ಗಲ್ಲು ಶಿಕ್ಷೆಯಾಗಿದ್ದ ಕೇಹರ್ ಸಿಂಗ್‌ನ 1988ರ ಪ್ರಕರಣದಲ್ಲಿ ಸ್ಪಷ್ಟವಾಗಿದೆ. ತಪ್ಪು ಮಾಡಿಲ್ಲ ಅನ್ನಿಸಿಕೊಳ್ಳಲು ಖುಲಾಸೆಯೇ ಆಗಬೇಕು, ಅದನ್ನು ಕೊಡುವುದು ಕೋರ್ಟ್ ಮಾತ್ರ.

ಯಾರೂ ಕೇಳಲಿಲ್ಲ, ಆದರೂ ‘ಮಾಫಿ’ ಅಂದಮೇಲೆ ಸಾಲದ ಮಾತು ಬಿಡುವುದು ಹೇಗೆ? ಬ್ಯಾಂಕು ಸಾಲವನ್ನು ‘ರೈಟ್ ಆಫ್’ ಮಾಡಿದರೆ ಅದು ಮನ್ನಾ ಅಲ್ಲ. ವಸೂಲಾಗದ ಸಾಲವನ್ನು ಬ್ಯಾಂಕು ತನ್ನ ಲೆಕ್ಕದ ಪಟ್ಟಿಯಿಂದ ತೆಗೆಯುತ್ತದೆ, ಅಷ್ಟೇ. ಸಾಲಗಾರ ಕಟ್ಟಲೇಬೇಕು, ಅಡವಿಟ್ಟ ಆಸ್ತಿ ಹರಾಜಿಗೂ ಬರಬಹುದು. ಮನ್ನಾ ಆದರೆ ಕೇಳುವ ಹಕ್ಕೇ ಹೋಗುತ್ತದೆ. 2008ರ ಕೇಂದ್ರದ ರೈತ ಸಾಲ ಯೋಜನೆಯ ಹೆಸರಿನಲ್ಲಿ ಮನ್ನಾ, ಪರಿಹಾರ ಎರಡೂ ಪದಗಳಿದ್ದವು. 2 ಹೆಕ್ಟೇರ್‌ವರೆಗಿನ ರೈತರ ಅರ್ಹ ಬಾಕಿ ಪೂರ್ತಿ ಹೋಯಿತು, ಅದು ಮನ್ನಾ. ಅದಕ್ಕಿಂತ ಜಾಸ್ತಿ ಭೂಮಿ ಇದ್ದವರು ಶೇ 75 ಕಟ್ಟಿದರೆ ಉಳಿದ ಶೇ 25 ಬಿಡುತ್ತಿದ್ದರು, ಅದು ಪರಿಹಾರ.