ಕಸಕ್ಕೂ ವಿಲೇವಾರಿ, ಅರ್ಜಿಗೂ ವಿಲೇವಾರಿ: ರಾಯಚೂರಿನ ದೂರುಗಳು ಎಲ್ಲಿಂದ ಎಲ್ಲಿಗೆ ಬಂದವು?

ಸರ್ಕಾರಿ ಕನ್ನಡದಲ್ಲಿ ಕಸಕ್ಕೂ ಅರ್ಜಿಗೂ ಒಂದೇ ಪದ: ವಿಲೇವಾರಿ. ಕಸ ವಿಲೇವಾರಿ ಆದರೆ ಓಣಿಗೆಲ್ಲ ಗೊತ್ತಾಗುತ್ತದೆ. ಅರ್ಜಿ ವಿಲೇವಾರಿ ಆದರೆ ಮೊಬೈಲಿಗೆ ಒಂದು ಮೆಸೇಜು ಬರುತ್ತದೆ, ಅಷ್ಟೆ.

ರಾಯಚೂರಿನಲ್ಲಿ ನಳದ ನೀರು, ಚರಂಡಿ, ಬೀದಿದೀಪದ ಮಾತು ತೆಗೆದರೆ ಸ್ವಲ್ಪ ಹೊತ್ತಿಗೇ ಆ ಮೆಸೇಜಿನ ವಿಷಯವೂ ಬರುತ್ತದೆ. ಊರು ಈಗ ನಗರಸಭೆಯಿಂದ ಮಹಾನಗರ ಪಾಲಿಕೆ ಆಗಿದೆ. ದೂರು ಕೊಡಲು ಕಚೇರಿ ಇದೆ, ಆ್ಯಪ್ ಇದೆ, 1902 ಅನ್ನೋ ನಂಬರ್ ಇದೆ. ಆದರೂ ಜನ ಮೊದಲು ಕೇಳೋದು ‘ಯಾರಿಗೆ ಹೇಳಬೇಕ್ರೀ?’ ಅಂತಲೇ. ಇದಕ್ಕೆ ಉತ್ತರ ಬೇಕಾದರೆ ಸ್ವಲ್ಪ ಹಿಂದಿನಿಂದ ಬರಬೇಕು.

ನಿಜಾಮರ ಕಾಲದಲ್ಲಿ ಇಲ್ಲಿನ ಆಡಳಿತದ ಭಾಷೆ ಉರ್ದು. ಅರ್ಜಿ, ಫಿರ್ಯಾದು, ತಕರಾರು ಎಲ್ಲ ಅರಬಿ, ಪರ್ಷಿಯನ್ ಮೂಲದ ಪದಗಳು. ಆಡಳಿತ ಹೋಯಿತು, ಪದಗಳು ಉಳಿದವು. 1948ರಲ್ಲಿ ಹೈದರಾಬಾದ್ ಸಂಸ್ಥಾನ ಭಾರತಕ್ಕೆ ಸೇರಿತು, 1956ರಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಬಂತು, 1964ರ ಪುರಸಭೆಗಳ ಕಾಯ್ದೆಯಲ್ಲಿ ದೀಪ, ಚರಂಡಿ, ಸ್ವಚ್ಛತೆ ಊರಿನ ಸಂಸ್ಥೆಯ ಕಡ್ಡಾಯ ಕೆಲಸ ಅಂತ ಬರೆದಾಯಿತು. ಅಲ್ಲಿವರೆಗೆ ಲೆಕ್ಕ ಸುಲಭ. ಒಂದೇ ಮುನ್ಸಿಪಾಲ್ಟಿ, ಒಂದೇ ಬಾಗಿಲು.

ಆಮೇಲೆ ಬಾಗಿಲುಗಳು ಹೆಚ್ಚಾದವು. ಎಪ್ಪತ್ತರ ದಶಕದಲ್ಲಿ ಕರ್ನಾಟಕ ನಗರ ನೀರು ಸರಬರಾಜು ಮತ್ತು ಒಳಚರಂಡಿ ಮಂಡಳಿ ಬಂತು. 1993ರಲ್ಲಿ ದೊಡ್ಡ ಯೋಜನೆಗಳಿಗೆ ಸಾಲ ತರುವ ಮೂಲಸೌಕರ್ಯ ನಿಗಮ ಬಂತು. 2002ರಲ್ಲಿ ಕರೆಂಟು ಜೆಸ್ಕಾಂ ಅನ್ನೋ ವಿದ್ಯುತ್ ಕಂಪನಿಯ ಕೈಗೆ ಹೋಯಿತು. ಈಗ ಯಾವುದಾದರೂ ಓಣಿಯಲ್ಲಿ ನಿಂತು ನೋಡಿ. ಕಂಬ ಜೆಸ್ಕಾಂನದು, ಕಂಬದ ಮೇಲಿನ ದೀಪ ಪಾಲಿಕೆಯದು. ಪೈಪು ಹಾಕಿದ್ದು ಮಂಡಳಿ, ನೀರು ಬಿಡೋದು ಪಾಲಿಕೆ. ಪೈಪಿಗಾಗಿ ಅಗೆದ ರಸ್ತೆ ಮುಚ್ಚೋದು ಗುತ್ತಿಗೆದಾರರ ಕೆಲಸ. ರಸ್ತೆ ಸ್ವಲ್ಪ ದೊಡ್ಡದಾದರೆ ಅದು ಲೋಕೋಪಯೋಗಿ ಇಲಾಖೆಯದೂ ಇರಬಹುದು. ‘ಇದು ನಮ್ಮದಲ್ಲ’ ಅಂತ ಯಾರಾದರೂ ಹೇಳಿದರೆ ಅದು ಸುಳ್ಳಲ್ಲ. ತೊಂದರೆ ಇರೋದೇ ಅಲ್ಲಿ. ಎಲ್ಲರ ಮಾತೂ ನಿಜ, ಗುಂಡಿ ಮಾತ್ರ ಹಾಗೇ ಇರುತ್ತದೆ.

ದೂರುಗಳಲ್ಲಿ ನೀರಿನದು ಯಾವಾಗಲೂ ಜಾಸ್ತಿ. ಕೃಷ್ಣಾ, ತುಂಗಭದ್ರಾ ನಡುವಿನ ಎಡದೊರೆ ನಾಡಿನಲ್ಲಿ ನೀರಿನ ತಕರಾರು ಅಂದರೆ ಹೊರಗಿನವರಿಗೆ ನಗು ಬರುತ್ತದೆ. ಆದರೆ ಎರಡೂ ನದಿ ಇರೋದು ಊರಾಚೆ. ಕೃಷ್ಣೆಯ ನೀರು ಚಿಕ್ಕಸುಗೂರಿನ ಶುದ್ಧೀಕರಣ ಘಟಕದಿಂದ ಬರುತ್ತದೆ. ತುಂಗಭದ್ರೆಯದು 227 ಕಿ.ಮೀ. ಉದ್ದದ ಎಡದಂಡೆ ಕಾಲುವೆಯಲ್ಲಿ ಹರಿದು ರಾಂಪುರ ಕೆರೆ ಸೇರಬೇಕು. ಊರು ಕಾಲುವೆಯ ಬಾಲದಲ್ಲಿದೆ. ಮೇಲಿನ ಭಾಗದ ಗದ್ದೆಗಳೆಲ್ಲ ಕುಡಿದು ಉಳಿದದ್ದು ನಮಗೆ. ಬೇಸಿಗೆಯಲ್ಲಿ ಕಾಲುವೆ ನಿಂತರೆ ಗಣೇಕಲ್ ಜಲಾಶಯ, ರಾಂಪುರ ಕೆರೆಯಲ್ಲಿ ತುಂಬಿಟ್ಟದ್ದೇ ಗತಿ.

ಹಾಗಾಗಿ ನಳಕ್ಕೆ ನೀರು ದಿನವೂ ಬರುವುದಿಲ್ಲ. ಬಿಟ್ಟುಬಿಟ್ಟು ಬರುತ್ತದೆ. ಈ ‘ಬಿಟ್ಟುಬಿಟ್ಟು’ ಅನ್ನೋದರಲ್ಲೇ ಅರ್ಧ ರೋಗ ಇದೆ. ಪೈಪು ತುಂಬಿರುವಾಗ ಒಳಗಿನ ಒತ್ತಡ ನೀರನ್ನು ಹೊರಕ್ಕೆ ತಳ್ಳುತ್ತದೆ. ಸೀಳು ಇದ್ದರೆ ನೀರು ಸೋರಿ ಹೋಗುತ್ತದೆ, ಹೊಲಸು ಒಳಗೆ ಬರುವುದಿಲ್ಲ. ನೀರು ನಿಲ್ಲಿಸಿದಾಗ ಇದು ತಿರುಗಾಮುರುಗಾ. ಖಾಲಿ ಪೈಪು ಸುತ್ತಲಿನದನ್ನು ಒಳಗೆಳೆದುಕೊಳ್ಳುತ್ತದೆ. ಹಳೆ ಓಣಿಗಳಲ್ಲಿ ಮನೆಗೆ ಹೋಗೋ ಕಬ್ಬಿಣದ ಪೈಪು ಚರಂಡಿಯ ಒಳಗಿಂದಲೇ ಹಾದುಹೋಗಿರುತ್ತದೆ. ತುಕ್ಕು ಹಿಡಿದಿರುತ್ತದೆ. ಅದು ಒಳಗೆಳೆದುಕೊಳ್ಳೋದು ಏನನ್ನ ಅಂತ ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ಹೆಂಗಸರು ಮೊದಲ ಎರಡು ಕೊಡ ನೀರನ್ನು ಅಂಗಳಕ್ಕೆ ಚೆಲ್ಲಿ, ಮೂರನೆಯದನ್ನು ಮೂಗಿಗೆ ಹಿಡಿದು ನೋಡೋದು ಸುಮ್ನೆ ಅಲ್ಲ.

‘24 ಗಂಟೆ ನೀರು’ ಅನ್ನೋದನ್ನು ನಮ್ಮಲ್ಲಿ ಶ್ರೀಮಂತರ ಬಯಕೆ ಅಂತ ತಿಳಿದವರಿದ್ದಾರೆ. ನಿಜ ಹೇಳಬೇಕೆಂದರೆ ಪೈಪು ಸದಾ ತುಂಬಿರಲಿ, ಚರಂಡಿ ನೀರು ಒಳಗೆ ಬರದಿರಲಿ ಅನ್ನೋದೇ ಅದರ ಮುಖ್ಯ ಲಾಭ. ಏಷ್ಯನ್ ಅಭಿವೃದ್ಧಿ ಬ್ಯಾಂಕಿನ ಸಾಲದಲ್ಲಿ 2006ರ ನಂತರ ಶುರುವಾದ ಉತ್ತರ ಕರ್ನಾಟಕದ ನಗರ ಯೋಜನೆಯಲ್ಲಿ ರಾಯಚೂರಿನ ಹೆಸರೂ ಇತ್ತು. ಅಲ್ಲಿಂದ ಈ ಮಾತು ಕೇಳುತ್ತಲೇ ಇದ್ದೇವೆ.

ಇನ್ನು ದೂರು ಕೊಟ್ಟರೆ ಏನಾಗುತ್ತದೆ ನೋಡಿ. ನೀರು ಬರೋದು ಬೆಳಗಿನ ಜಾವ ಮೂರಕ್ಕೆ ಅಂತಿಟ್ಟುಕೊಳ್ಳಿ. ರಾಡಿ ಕಾಣೋದು ಆಗ, ಮೊದಲ ಹತ್ತು ನಿಮಿಷ. ಪರೀಕ್ಷೆಗೆ ಬರುವವರು ಬರೋದು ಕಚೇರಿ ಹೊತ್ತಿನಲ್ಲಿ. ಆಗ ನಳ ಒಣಗಿರುತ್ತದೆ. ‘ಎಲ್ಲೈತಮ್ಮಾ ಹೊಲಸು ನೀರು?’ ಅಂದರೆ ತೋರಿಸಲು ಏನಿದೆ? ಕೆಲವರು ಬಾಟಲಿಯಲ್ಲಿ ಹಿಡಿದಿಟ್ಟಿರುತ್ತಾರೆ. ಅಷ್ಟೊತ್ತಿಗೆ ರಾಡಿ ಕೆಳಗೆ ಇಳಿದು ಮೇಲಿನ ನೀರು ತಿಳಿಯಾಗಿರುತ್ತದೆ.

2022ರ ಮೇ ಕೊನೆಯಲ್ಲಿ ಆದದ್ದನ್ನು ಊರು ಇನ್ನೂ ಮರೆತಿಲ್ಲ. ನಳದ ನೀರು ಕುಡಿದು ಹಲವು ವಾರ್ಡುಗಳಲ್ಲಿ ವಾಂತಿಭೇದಿ ಶುರುವಾಯಿತು. ಹತ್ತಾರು ಮಂದಿ ಆಸ್ಪತ್ರೆ ಸೇರಿದರು, ಹಲವರು ತೀರಿಕೊಂಡರು. ಬೀದಿಯಲ್ಲಿ ಪ್ರತಿಭಟನೆ ನಡೆಯಿತು, ಸರ್ಕಾರ ತನಿಖೆಗೆ ಹೇಳಿತು, ರಾಂಪುರದ ಘಟಕದ ಸ್ವಚ್ಛತೆ ಸುದ್ದಿಯಾಯಿತು. ನೀರಿನ ಬಣ್ಣ, ವಾಸನೆಯ ಬಗ್ಗೆ ಜನ ಅದಕ್ಕೂ ಮೊದಲೇ ಹೇಳುತ್ತಿದ್ದರು. 1902 ಸಹಾಯವಾಣಿ ಶುರುವಾಗಿ ಆಗ ಏಳು ತಿಂಗಳಾಗಿತ್ತು.

ಆ ವರ್ಷಗಳಲ್ಲಿ ವಾರ್ಡಿನ ಸದಸ್ಯರು ಎಲ್ಲಿದ್ದರು ಅಂತ ಕೇಳಬಹುದು. ಅದೂ ಒಂದು ಕಥೆ. 2018ರ ಆಗಸ್ಟ್ 31ರಂದು 35 ವಾರ್ಡುಗಳಿಗೆ ಚುನಾವಣೆ ಆಯಿತು. ಆದರೆ ಅಧ್ಯಕ್ಷ, ಉಪಾಧ್ಯಕ್ಷ ಹುದ್ದೆಗಳ ಮೀಸಲಾತಿ ಪಟ್ಟಿ ಕೋರ್ಟಿಗೆ ಹೋಯಿತು. ರಾಜ್ಯದ ಎಷ್ಟೋ ಊರುಗಳ ಹಾಗೆ ಇಲ್ಲೂ ಗೆದ್ದವರು ಎರಡು ವರ್ಷ ಸರ್ಟಿಫಿಕೇಟು ಹಿಡಿದು ಕೂತರು. 2020ರ ಕೊನೆಗೆ ಅಧ್ಯಕ್ಷರು ಬಂದರು. ಅವರ ಅವಧಿ 2023ರಲ್ಲಿ ಮುಗಿದ ಮೇಲೆ ಎರಡನೇ ಅವಧಿಯ ಮೀಸಲಾತಿ ಪಟ್ಟಿಗೆ ಮತ್ತೆ ಒಂದು ವರ್ಷ ಕಾಯಬೇಕಾಯಿತು. ನಡುವೆ ಆಡಳಿತಾಧಿಕಾರಿಗಳು. ಅಂದರೆ ಮತ ಹಾಕಿದ ಐದಾರು ವರ್ಷಗಳಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲ ಅಧ್ಯಕ್ಷರ ಕುರ್ಚಿ ಖಾಲಿ. ಈ ಖಾಲಿ ಜಾಗವನ್ನು ಫೋನ್ ನಂಬರ್ ತುಂಬುತ್ತದೆ ಅಂತ ಯಾರಾದರೂ ಅಂದುಕೊಂಡಿದ್ದರೆ ಅದು ತುಂಬಲಿಲ್ಲ.

ನಂಬರುಗಳಿಗೆ ಬರ ಇರಲಿಲ್ಲ, ನಿಜ. 2005ರಲ್ಲಿ ಮಾಹಿತಿ ಹಕ್ಕು ಬಂತು. ‘ನನ್ನ ಅರ್ಜಿ ಏನಾಯ್ತು’ ಅಂತ ಕೇಳಲು ಇನ್ನೊಂದು ಅರ್ಜಿ ಹಾಕುವ ಅವಕಾಶ ಸಿಕ್ಕಿತು. 2012ರಲ್ಲಿ ಸರ್ಕಾರಿ ಸೇವೆಗಳಿಗೆ ಗಡುವು ಹಾಕುವ ಸಕಾಲ ಬಂತು. ತಡವಾದರೆ ದಿನಕ್ಕೆ 20 ರೂಪಾಯಿಯಂತೆ ಗರಿಷ್ಠ 500 ರೂಪಾಯಿ ಪರಿಹಾರ. ಒಳ್ಳೆಯ ಕಾನೂನು, ಜನನ ಪ್ರಮಾಣಪತ್ರದಂಥ ಕೆಲಸಕ್ಕೆ ಉಪಯೋಗವೂ ಆಯಿತು. ಆದರೆ ಅದರ ಪಟ್ಟಿಯಲ್ಲಿ ಹೆಚ್ಚಾಗಿ ಇರೋದು ಕಾಗದದ ಕೆಲಸ: ಖಾತಾ, ಪರವಾನಗಿ, ಪ್ರಮಾಣಪತ್ರ. ಕಸ ತುಂಬಿ ಕಟ್ಟಿಕೊಂಡ ಚರಂಡಿಗೆ ಅಂಥ ಗಡುವು ಯಾರೂ ಕೊಟ್ಟಂತೆ ಕಾಣಲಿಲ್ಲ. ನಗರ ಸಂಸ್ಥೆಗಳಿಗೆ ಜನಹಿತ ಆ್ಯಪ್, 2021ರ ನವೆಂಬರ್‌ನಲ್ಲಿ 1902, 2023ರ ಸೆಪ್ಟೆಂಬರ್‌ನಲ್ಲಿ ಜಿಲ್ಲೆಜಿಲ್ಲೆಯಲ್ಲಿ ಜನತಾ ದರ್ಶನ ಬಂದವು. ಎಲ್ಲ ಕಡೆಯಿಂದಲೂ ಅರ್ಜಿ ಕೊನೆಗೆ ಬಂದು ಬೀಳೋದು ಅದೇ ಸ್ಥಳೀಯ ಕಚೇರಿಯ ಅದೇ ಮೇಜಿನ ಮೇಲೆ.

ಹಿಂದೆ ಬೇರೊಂದು ಊರಲ್ಲಿ ಬಾಡಿಗೆಗಿದ್ದಾಗ ನಾನೂ ಬೀದಿದೀಪದ ದೂರು ಹಾಕಿದ್ದೆ. ಆರನೇ ದಿನ ‘ನಿಮ್ಮ ದೂರು ವಿಲೇವಾರಿಯಾಗಿದೆ’ ಅಂತ ಬಂತು. ಅದನ್ನು ಓದಿದ್ದು ಅದೇ ಕಂಬದ ಕೆಳಗೆ, ಕತ್ತಲಲ್ಲಿ. ಮೊಬೈಲಿನ ಬೆಳಕಾದರೂ ಆಯ್ತಲ್ಲ ಅಂದುಕೊಂಡೆ. ದೀಪ ಹತ್ತಿದ್ದು ಮರುವಾರ. ಎದುರು ಮನೆ ಅಕ್ಕ ಬೀದಿದೀಪದ ಹುಡುಗನನ್ನು ನಿಲ್ಲಿಸಿ, ‘ಏ ತಮ್ಮಾ, ಚಾ ಕುಡಿದು ಹೋಗು, ಹಂಗೇ ಇದೊಂದು ನೋಡು’ ಅಂದದ್ದಕ್ಕೆ.

ರಾಯಚೂರಿನ ಓಣಿಗಳಲ್ಲೂ ನೀರಿನ ನಿಜವಾದ ಸಹಾಯವಾಣಿ ವಾಲ್ವ್ ತಿರುಗಿಸುವ ಮನುಷ್ಯನೇ. ಯಾವ ಪೈಪು ಎಲ್ಲಿ ಒಡೆದಿದೆ ಅಂತ ಅವನಿಗೆ ನಕ್ಷೆ ಇಲ್ಲದೆ ಗೊತ್ತು. ಅವನ ಕೆಲಸ ಬಹಳ ಸಲ ಹೊರಗುತ್ತಿಗೆಯದು. ಅವನಿಗೆ ಗೊತ್ತಿರೋದನ್ನು ಬರೆದಿಡಲು ಯಾವ ಪುಸ್ತಕವೂ ಇಲ್ಲ.

ಜನರ ಸಲಹೆಗಳು ಏನೂ ದೊಡ್ಡವಲ್ಲ. ನೀರು ಬಿಡುವ ಹೊತ್ತನ್ನು ಟ್ಯಾಂಕಿನ ಗೋಡೆ ಮೇಲೆ ಬರೆಯಿರಿ. ಪರೀಕ್ಷೆಗೆ ಬರುವವರು ನೀರು ಬರುವಾಗಲೇ ಬರಲಿ, ಕ್ಲೋರಿನ್ ಪರೀಕ್ಷೆಯ ಹನಿ ಜನರ ಎದುರೇ ಹಾಕಲಿ. ಹಳದಿ ಬಣ್ಣ ಬಂದರೆ ನೀರಲ್ಲಿ ಕ್ಲೋರಿನ್ ಇದೆ ಅಂತ. ಬಂತೋ ಇಲ್ಲವೋ ನೋಡಲು ಡಿಗ್ರಿ ಬೇಕಿಲ್ಲ. ಅರ್ಜಿ ಮುಚ್ಚುವ ಮೊದಲು ಕೊಟ್ಟವರ ಸಹಿ ತಗೊಳ್ಳಿ. ಈ ಕೊನೆಯದು ನನಗೆ ಎಲ್ಲಕ್ಕಿಂತ ಅಗ್ಗದ್ದು ಅನಿಸುತ್ತದೆ. ಬಹುಶಃ ಅದಕ್ಕೇ ಕಷ್ಟದ್ದು.

2024ರ ಸೆಪ್ಟೆಂಬರ್‌ನಲ್ಲಿ ಕಲಬುರಗಿಯಲ್ಲಿ ನಡೆದ ಸಂಪುಟ ಸಭೆ ರಾಯಚೂರು, ಬೀದರ್ ಎರಡನ್ನೂ ಪಾಲಿಕೆ ಮಾಡಲು ಒಪ್ಪಿತು. 2011ರ ಜನಗಣತಿಯಲ್ಲಿ ಊರಿನ ಜನಸಂಖ್ಯೆ 2.3 ಲಕ್ಷದ ಆಸುಪಾಸು ಇತ್ತು, ಪಾಲಿಕೆಗೆ ಬೇಕಾದದ್ದು 3 ಲಕ್ಷ. ಸುತ್ತಲಿನ ಹಳ್ಳಿಗಳೂ ಲೆಕ್ಕಕ್ಕೆ ಬಂದವು. ನಿನ್ನೆವರೆಗೆ ಗ್ರಾಮ ಪಂಚಾಯಿತಿಯ ಪಿಡಿಒ ಹತ್ತಿರ ಹೋಗುತ್ತಿದ್ದ ಹಳ್ಳಿಯವರು ಇನ್ನು ಪಾಲಿಕೆಯ ಮೆಟ್ಟಿಲು ಹತ್ತಬೇಕು. ಪಾಲಿಕೆ ಅಂದಮೇಲೆ ವಾರ್ಡುಗಳ ಗಡಿಯೂ ನಂಬರೂ ಬದಲಾಗುತ್ತವೆ. ಹಳೆ ನಂಬರಿನಲ್ಲಿ ಕೊಟ್ಟ ಅರ್ಜಿಗಳು ಆಗ ಯಾವ ಕಪಾಟು ಸೇರುತ್ತವೋ. ಸೀಲು ಹೊಡೆದ ಸ್ವೀಕೃತಿ ನಿಮ್ಮ ಹತ್ತಿರ ಇದ್ದರೆ ಎರಡು ಜೆರಾಕ್ಸ್ ಮಾಡಿಸಿ ಇಟ್ಟುಕೊಳ್ಳಿ.